ಪಾಲುಮಣೆಯ ಮೇಲೆ ಕೂತವರು

ನಮ್ಮೂರಲ್ಲಿ ನೋವಿರುವವರ ಕೈಯನ್ನೋ ಕಾಲನ್ನೋ ಬರಿಗೈಯಿಂದ ಹಿಡಿದರೆ ಅರ್ಧ ನೋವು ಹಿಡಿದವರಿಗೆ ಬರುತ್ತದೆ. ಇಬ್ಬರು ಹಿಡಿದರೆ ನೋವು ಮೂರು ಪಾಲಾಗುತ್ತದೆ, ಮೂವರು ಹಿಡಿದರೆ ನಾಲ್ಕು ಪಾಲು. ಬಿಟ್ಟರೆ ಎಲ್ಲ ನೋವೂ ಮತ್ತೆ ನೊಂದವರಿಗೇ. ಹೊರಗಿನವರು ಇದನ್ನು ಕೇಳಿ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನಮಗೆ ಇದು ಬಾವಿಯಲ್ಲಿ ನೀರಿದ್ದಷ್ಟೇ ಸಹಜ. ನಮ್ಮ ಗಂಡಸರು ಹೆಂಡತಿಯ ಹೆರಿಗೆಯ ಹೊತ್ತಿಗೆ ಯಾವುದೋ ಕೆಲಸದ ನೆಪ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಅದಕ್ಕೇ ಹೆಚ್ಚಿನ ಮನೆಗಳಲ್ಲಿ ಎರಡೇ ಮಕ್ಕಳು. ಸರ್ಕಾರ ಗೋಡೆಯ ಮೇಲೆ ಏನನ್ನೂ ಬರೆಸಬೇಕಾಗಿ ಬರಲಿಲ್ಲ. ಹಲ್ಲು ಕೀಳುವ ಯಂಕೋಬನ ಅಂಗಡಿಯಲ್ಲಿ ಗಿರಾಕಿಗೊಂದು ಕುರ್ಚಿ, ಜೊತೆಗೆ ಬಂದವರಿಗೊಂದು ಕುರ್ಚಿ. ಹೆಣ್ಣು ಕೊಡುವವರು ಹೊಲ ಮನೆ ವಿಚಾರಿಸುವ ಮೊದಲು ಕೇಳುವುದು, "ಹುಡುಗ ಪಾಲಿಗೆ ಕೂಡ್ತಾನೇನು?" ಎಂದು. ಜಗಳವಾಡಿ ಹತ್ತು ವರ್ಷ ಮಾತು ಬಿಟ್ಟವರೂ ಕರೆ ಬಂದರೆ ಬರುತ್ತಾರೆ, ಮುಖ ಆಚೆ ತಿರುಗಿಸಿ ಕೂತು ಕೈ ಹಿಡಿಯುತ್ತಾರೆ. ನೋವು ಇಳಿಯುವ ಮುಂಚೆ ಎದ್ದು ಹೋದವರ ಮನೆಯಲ್ಲಿ ಆಮೇಲೆ ಯಾರೂ ನೀರು ಕುಡಿಯುವುದಿಲ್ಲ.

ನಾನು ದ್ಯಾಮವ್ವ. ಊರ ಆಸ್ಪತ್ರೆಯಲ್ಲಿ ಗಾಯ ಕಟ್ಟುವ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷವಾಯಿತು. ನಮ್ಮಲ್ಲಿ ಪ್ರತಿ ಹಾಸಿಗೆಯ ಪಕ್ಕ ಒಂದು ಸ್ಟೂಲು ಇರುತ್ತದೆ. ರೋಗಿಗಳು ಚಾಪೆಯ ಮೇಲೆ ಮಲಗುತ್ತಿದ್ದ ಕಾಲದಲ್ಲಿ ಅಲ್ಲಿ ಮಣೆ ಇರುತ್ತಿತ್ತು, ಹಾಗಾಗಿ ಸ್ಟೂಲಿಗೂ ಪಾಲುಮಣೆ ಎಂದೇ ಹೆಸರು. ನನಗೆ ಕೆಲಸ ಕಲಿಸಿದ ಗುರುಪಾದಯ್ಯ ಡಾಕ್ಟರು ಮೊದಲ ದಿನವೇ ಹೇಳಿದ್ದರು: "ಮಲಗಿದವ್ರನ್ನ ಅಷ್ಟ ಕೇಳಬ್ಯಾಡವ್ವಾ. ಕೂತವ್ರನ್ನೂ ಕೇಳು. ಎರಡೂ ಕೂಡ್ಸು. ಅದು ಖರೇ ನೋವು." ಅವರ ವಹಿಯಲ್ಲಿ ಎರಡು ಸಾಲು ಇರುತ್ತಿದ್ದವು, ಮಲಗಿದವರದೊಂದು, ಕೂತವರದೊಂದು. ಕೂಡಿಸಿ ನೋಡಿಯೇ ಅವರು ಚಾಕು ಕೈಗೆ ತೆಗೆದುಕೊಳ್ಳುತ್ತಿದ್ದುದು. ಅವರು ನಿವೃತ್ತರಾದ ಮೇಲೂ ಆ ವಹಿಯನ್ನು ನಾನು ಬಿಟ್ಟಿರಲಿಲ್ಲ. ಕಂಪನಿ ಬಿಡಿಸಿತು.

ಕಂಪನಿ ನಮ್ಮ ಆಸ್ಪತ್ರೆಗೆ ಕಾಲಿಟ್ಟಿದ್ದು ಹತ್ತಿಯ ಉಂಡೆಯ ರೂಪದಲ್ಲಿ. ಅದಕ್ಕೂ ಮುಂಚೆ ಗಾಯಕ್ಕೆ ಕಟ್ಟುವ ಬಟ್ಟೆಯನ್ನು ನಮ್ಮ ನೇಕಾರ ಓಣಿಯವರೇ ನೇಯ್ದು, ಕುದಿಸಿ, ಒಣಗಿಸಿ ತಂದುಕೊಡುತ್ತಿದ್ದರು. ಕಂಪನಿ ಅವರಿಗಿಂತ ಅರ್ಧ ಬೆಲೆಗೆ ಕೊಡುತ್ತೇನೆ ಎಂದಿತು. ಎರಡು ವರ್ಷ ಕೊಟ್ಟಿತು ಕೂಡ. ಮಗ್ಗಗಳು ನಿಂತು, ನೇಕಾರರು ಬೇರೆ ಕೆಲಸಕ್ಕೆ ಹೋದ ಮೇಲೆ ಬೆಲೆ ಏರಿತು, ಬಟ್ಟೆ ಜಾಳಾಯಿತು. ಎರಡು ಸುತ್ತು ಸಾಕಾಗುತ್ತಿದ್ದ ಗಾಯಕ್ಕೆ ಐದು ಸುತ್ತು ಬೇಕಾಯಿತು. ಸೂಜಿ, ಸಲೈನು, ಕೈಗವಸು, ಹೊಲಿಗೆಯ ದಾರ ಎಲ್ಲವೂ ಒಂದೊಂದಾಗಿ ಅವರದೇ ಆದವು. ಆಸ್ಪತ್ರೆಗೆ ಒಂದು ಫ್ರಿಜ್ಜು, ಹೊಸ ಡಾಕ್ಟರ ಕೋಣೆಗೆ ಒಂದು ಎಸಿ ದಾನ ಬಂತು. ಕುರಿ ಕೊಬ್ಬಿದಷ್ಟೂ ಕುರುಬನಿಗೇ ಲಾಭ ಎಂಬ ಮಾತು ಗೊತ್ತಿದ್ದೂ ನಾವು ಆ ಫ್ರಿಜ್ಜಿಗೆ ಕುಂಕುಮ ಹಚ್ಚಿ ಪೂಜೆ ಮಾಡಿದೆವು.

ಆಮೇಲೆ ಬಂದದ್ದು ಸುಖಪಟ್ಟಿ. ಆಪರೇಷನ್ ಆದ ಗಾಯಕ್ಕೆ ಹೊಲಿಗೆಯ ಬದಲು ಮೇಲಿಂದ ಅಂಟಿಸುವ ಪಾರದರ್ಶಕವಲ್ಲದ ಬಿಳಿ ಪಟ್ಟಿ. ಹದಿನೈದು ದಿನ ಬಿಚ್ಚುವಂತಿಲ್ಲ, ಒಳಗೆ ಏನಾಗುತ್ತಿದೆ ಎಂದು ನೋಡುವಂತಿಲ್ಲ. ಕಂಪನಿಯದೇ ಒಂದು ದ್ರಾವಣ ಹಚ್ಚಿದರೆ ಮಾತ್ರ ಬಿಡುತ್ತದೆ; ಹಾಗೇ ಕಿತ್ತರೆ ಚರ್ಮವೂ ಜೊತೆಗೇ ಬರುತ್ತದೆ. ಇದರ ಪರೀಕ್ಷೆ ನಡೆಸಲು ಕಂಪನಿ ನಿರಂಜನ ಎಂಬ ಡಾಕ್ಟರನ್ನು ಕಳಿಸಿತು. ತೆಳ್ಳಗೆ, ಚೊಕ್ಕಟ, ಬೆಣ್ಣೆಯೊಳಗಿನ ಕೂದಲು ತೆಗೆದಷ್ಟು ನಯವಾಗಿ ಮಾತಾಡುವ ಮನುಷ್ಯ. ವಾರ್ಡನ್ನು ಎರಡು ಸಾಲು ಮಾಡಿದರು. ಕಿಟಕಿಯ ಕಡೆಯ ಹತ್ತು ಹಾಸಿಗೆಯವರಿಗೆ ಸುಖಪಟ್ಟಿ, ಗೋಡೆಯ ಕಡೆಯ ಹತ್ತು ಹಾಸಿಗೆಯವರಿಗೆ ಹಳೆಯ ಹೊಲಿಗೆ. ಎರಡೂ ಕಡೆಯವರು ದಿನಾ ಬೆಳಿಗ್ಗೆ ತಮ್ಮ ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟೆಂದು ಹೇಳಬೇಕು, ನಾನು ಫಾರ್ಮಿನಲ್ಲಿ ಬರೆದು ಸಹಿ ಹಾಕಬೇಕು.

ಫಾರ್ಮು ನೋಡಿದವಳೇ ಕೇಳಿದೆ: "ಸಾಹೇಬ್ರ, ಇದರಾಗ ಕೂತವ್ರ ಖಾನೇನ ಇಲ್ಲಲ್ರಿ?"

"ಯಾರು ಕೂತವರು?" ಎಂದರು ನಿರಂಜನ.

ಹೇಳಿದೆ. ಮೊದಲು ನಕ್ಕರು. ಆಮೇಲೆ ನಗಲಿಲ್ಲ. ಎರಡು ದಿನ ವಾರ್ಡಿನಲ್ಲಿ ಸುಮ್ಮನೆ ನಿಂತು, ಮಲಗಿದವರ ಮುಖವನ್ನೂ ಕೂತವರ ಮುಖವನ್ನೂ ನೋಡಿದರು. ಮೂರನೆಯ ದಿನ ಬಂದು, "ದ್ಯಾಮವ್ವ, ನಮ್ಮ ಟ್ರಯಲ್ ನಡೀತಿರೋದು ಪೇಷೆಂಟ್ ಮೇಲೆ. ಜೊತೆಗೆ ಬಂದವರ ಮೇಲಲ್ಲ. ಪೇಷೆಂಟ್ ಹೇಳಿದ್ದಷ್ಟೇ ಬರೀರಿ," ಎಂದರು.

"ಕೂಡ್ಸೂದು ಬ್ಯಾಡೇನ್ರಿ?"

"ಫಾರ್ಮ್ ಏನು ಕೇಳುತ್ತೋ ಅದಕ್ಕಷ್ಟೇ ಉತ್ತರ."

ಬರೆದೆ. ನನ್ನ ಬಾಯಿಗೆ ಯಾರೂ ಬಟ್ಟೆ ತುರುಕಿರಲಿಲ್ಲ, ನನ್ನ ಕೈಯನ್ನು ಯಾರೂ ಹಿಡಿದು ಬರೆಸಲಿಲ್ಲ. ದೊಡ್ಡ ಓದು ಓದಿದವರು, ಅವರಿಗೆ ಗೊತ್ತಿರುತ್ತದೆ ಎಂದುಕೊಂಡೆ. ಅದೇ ವಾರ ಲಾರಿಯಲ್ಲಿ ಹೊಸ ಸ್ಟೂಲುಗಳು ಬಂದವು, ಮೆತ್ತೆ ಹೊಲಿದವು. ಕಿಟಕಿ ಸಾಲಿನ ಪ್ರತಿ ಹಾಸಿಗೆಗೆ ಮೂರು ಮೂರು. ಪಾಲಿಗೆ ಕೂತವರಿಗೆ ಹೊತ್ತು ಹೊತ್ತಿಗೆ ಚಹಾ, ಬಿಸ್ಕತ್ತು. ಗೋಡೆ ಸಾಲಿಗೆ ಮಾತ್ರ ಒಂದು ಬೋರ್ಡು ಬಂತು: ರೋಗಿಯೊಂದಿಗೆ ಒಬ್ಬರಿಗೆ ಮಾತ್ರ ಅವಕಾಶ. ನಮ್ಮ ಜನ ಎಷ್ಟು ಭೋಳೆ ಎಂದರೆ, ಕಂಪನಿಯವರು ನಮ್ಮ ಪದ್ಧತಿಗೆ ಎಷ್ಟು ಮರ್ಯಾದೆ ಕೊಡುತ್ತಾರೆ ನೋಡು ಎಂದು ಹೊಗಳಿದರು. ಆ ಚಹಾ ನಾನೂ ಕುಡಿದಿದ್ದೇನೆ.

ಗೊತ್ತಿಲ್ಲದೆ ಮಾಡಿದ್ದರೆ ಅದನ್ನು ತಪ್ಪು ಎನ್ನಬಹುದಿತ್ತು. ನಾನು ಬಾಯಿಬಿಟ್ಟು ಹೇಳಿದ ಮೇಲೆ, ಎರಡು ದಿನ ಕಣ್ಣಾರೆ ನೋಡಿದ ಮೇಲೆ ಸ್ಟೂಲು ತರಿಸಿದ್ದಕ್ಕೆ ಏನೆನ್ನಬೇಕು? ಹೆರವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರ ಬಗ್ಗೆ ಕೇಳಿದ್ದೆ. ಇವರು ಹಗ್ಗವನ್ನೂ ನಮ್ಮ ಕೈಯಲ್ಲೇ ಹಿಡಿಸಿ, ಬಾವಿ ಎಷ್ಟು ತಂಪಾಗಿದೆ ಎಂದು ನಮ್ಮಿಂದಲೇ ಹೇಳಿಸಿದರು.

ಐದು ತಿಂಗಳಾದ ಮೇಲೆ, ಪರೀಕ್ಷೆ ಇನ್ನೂ ನಡೆಯುತ್ತಿರುವಾಗಲೇ, ಬಸ್ ಕಂಡಕ್ಟರ್ ಸಿದ್ರಾಮ ಪಟ್ಟಣದಿಂದ ಒಂದು ಕಾಗದ ತಂದು ನನಗೆ ತೋರಿಸಿದ. "ಸುಖಪಟ್ಟಿ. ಹೊಲಿಗೆಗಿಂತ ಕಡಿಮೆ ನೋವು. ಸಂಶೋಧನೆಯಿಂದ ಸಾಬೀತು." ಕೆಳಗೆ ನಮ್ಮ ವಾರ್ಡಿನದೇ ಫೋಟೊ, ಹಾಸಿಗೆಯಲ್ಲಿ ಒಬ್ಬ ನಗುತ್ತಾ ಮಲಗಿದ್ದಾನೆ. ಅವನ ಮೊಣಕೈಯಿಂದ ಆಚೆಗೆ ಫೋಟೊ ಕತ್ತರಿಸಿದ್ದರು. ಕತ್ತರಿಸಿದವರ ಕಣ್ಣು ತಪ್ಪಿ ಅಂಚಿನಲ್ಲಿ ಎರಡು ಹಸಿರು ಬಳೆ ಉಳಿದಿದ್ದವು.

"ಎಲ್ಲಾ ದೊಡ್ಡ ದವಾಖಾನ್ಯಾಗೂ ಇದ ಹಚ್ಚಾಕತ್ಯಾರಂತಕ್ಕಾ," ಎಂದ ಸಿದ್ರಾಮ ಹೆಮ್ಮೆಯಿಂದ. "ನಮ್ಮೂರ ಹೆಸರಾತು."

ಆ ಊರುಗಳಲ್ಲಿ ಕೈ ಹಿಡಿದರೆ ನೋವು ಹಂಚಿಕೆಯಾಗುವುದಿಲ್ಲ. ಅಲ್ಲಿಯ ಜನ ಆ ಪಟ್ಟಿಯ ಕೆಳಗೆ ಒಬ್ಬೊಬ್ಬರೇ ಮಲಗಿ, ಕಡಿಮೆ ನೋವು ಎಂದು ಹೇಳಿದ್ದರಲ್ಲ, ನನಗೇ ಯಾಕೆ ಇಷ್ಟು ಎಂದುಕೊಂಡು ಹಲ್ಲು ಕಚ್ಚಿ ಸುಮ್ಮನಿರುತ್ತಾರೆ. ಕಾಗದದ ಮೂಲದಲ್ಲಿರುವ ಸಹಿ ನನ್ನದು. ಆದರೂ ನಾನು ಆ ದಿನ ಏನೂ ಮಾಡಲಿಲ್ಲ. ಕಾಗದ ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋದೆ. ನನ್ನ ಮನೆಯವರೇ ಆ ಪಟ್ಟಿಯ ಕೆಳಗೆ ಮಲಗುವವರೆಗೆ ನನಗೆ ಬುದ್ಧಿ ಬರಲಿಲ್ಲ ಎನ್ನುವುದು ನನಗೆ ಈಗಲೂ ನಾಚಿಕೆ.

ನೀಲವ್ವ ನನ್ನ ನೆಗೆಣ್ಣಿ, ನನ್ನ ಮೈದುನ ರಾಚಪ್ಪನ ಹೆಂಡತಿ. ಎರಡು ಜಡೆ ಸೇರುವುದಿಲ್ಲ ಎನ್ನುತ್ತಾರಲ್ಲ, ನಮ್ಮವು ಒಂದು ಒರಳುಕಲ್ಲಿನ ಸಲುವಾಗಿ ಹದಿನಾಲ್ಕು ವರ್ಷದಿಂದ ಸೇರಿರಲಿಲ್ಲ. ಹಾಗಿದ್ದೂ ನನ್ನ ಗಂಡ ಸಾಯುವ ಮುಂಚಿನ ಮೂರು ದಿನ, ನಾನು ಡ್ಯೂಟಿಗೆ ಹೋದ ಹೊತ್ತೆಲ್ಲ ಅವನ ಕೈ ಹಿಡಿದು ಕೂತವಳು ಅವಳು. ನಾನು ಬಂದ ಕೂಡಲೇ ಎದ್ದು, ನನ್ನ ಮುಖ ನೋಡದೆ ಹೋಗುತ್ತಿದ್ದಳು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವುದು ಅವಳ ಉದ್ಯೋಗ. ಆರು ಮಂದಿ ಹೆಂಗಸರು ಅವಳ ಜೊತೆ ಕೆಲಸ ಮಾಡುತ್ತಿದ್ದರು. ಆ ಕಾಗದ ಬಂದ ವಾರವೇ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿ, ಹೊಟ್ಟೆಯ ಮೇಲೆ ಸುಖಪಟ್ಟಿ ಅಂಟಿಸಿಕೊಂಡು ಕಿಟಕಿ ಸಾಲಿನ ನಾಲ್ಕನೆಯ ಹಾಸಿಗೆಗೆ ಬಂದಳು.

ಆರನೆಯ ದಿನ ಬೆಳಿಗ್ಗೆ ನಾನು ಫಾರ್ಮು ಹಿಡಿದು ಹೋದಾಗ ಅವಳ ಸುತ್ತ ಏಳು ಮಂದಿ. ರಾಚಪ್ಪ ಒಂದು ಕೈ ಹಿಡಿದಿದ್ದ, ಉಳಿದ ಕೈಗೆ ಇಬ್ಬರು, ಕಾಲಿಗೆ ನಾಲ್ವರು ರೊಟ್ಟಿ ಹೆಂಗಸರು.

"ಎಷ್ಟು?" ಎಂದೆ.

"ಮೂರು," ಎಂದಳು ನೀಲವ್ವ, ಮುಖ ಆಚೆ ಮಾಡಿಕೊಂಡು.

ಮೂರು ಎಂದು ಬರೆದೆ, ಸಹಿ ಹಾಕಿದೆ. ಅಭ್ಯಾಸ ನೋಡಿ! ಹಾಕಿದ ಮೇಲೆ ತಲೆ ಎತ್ತಿದೆ. ರಾಚಪ್ಪನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಕಾಲ ಹತ್ತಿರ ಕೂತಿದ್ದ ಗಂಗವ್ವ ಸೆರಗಿನ ತುದಿ ಬಾಯಲ್ಲಿ ಕಚ್ಚಿ ಹಿಡಿದಿದ್ದಳು. ಐದು ತಿಂಗಳಾದ ಮೇಲೆ ಮೊದಲ ಸಲ ಕೂತವರನ್ನು ಕೇಳಿದೆ. "ಮೂರವ್ವಾ," ಎಂದಳು ಗಂಗವ್ವ. "ನನಗೂ ಮೂರು." "ನಂದೂ ಅಷ್ಟ." ಏಳು ಮಂದಿಯದೂ ಮೂರು. ನೀಲವ್ವನದು ಸೇರಿ ಇಪ್ಪತ್ನಾಲ್ಕು. ಹತ್ತಕ್ಕೆ ಮುಗಿಯುವ ಕಾಗದದಲ್ಲಿ ಇಪ್ಪತ್ನಾಲ್ಕು!

ಫಾರ್ಮು ಕೆಳಗಿಟ್ಟು ನಾನೂ ಅವಳ ಮೊಣಕೈ ಹಿಡಿದೆ. ಇಪ್ಪತ್ತಾರು ವರ್ಷ ಊರವರ ನೋವು ಹಿಡಿದವಳಿಗೆ ನೋವಿನ ಜಾತಿ ಗೊತ್ತಾಗುತ್ತದೆ. ಕೂಡಿಕೊಳ್ಳುವ ಗಾಯ ಎಳೆಯುತ್ತದೆ, ತುರಿಸುತ್ತದೆ. ಇದು ಡವಡವ ಬಡಿಯುತ್ತಿತ್ತು. ಒಳಗೆ ಕೀವಾಗಿತ್ತು.

ನಿರಂಜನರ ಕೋಣೆಗೆ ಓಡಿದೆ. ದ್ರಾವಣದ ಶೀಸೆ ಅವರ ಕಪಾಟಿನಲ್ಲಿ, ಕೀಲಿ ಅವರ ಜೇಬಿನಲ್ಲಿ. "ನಾಕನೇ ಹಾಸಿಗೀದು ಬಿಚ್ಚಬೇಕ್ರಿ. ಈಗಿಂದೀಗ ಬಿಚ್ಚಬೇಕು. ಕೀವಾಗೇತಿ," ಎಂದೆ.

ಅವರು ಫಾರ್ಮು ನೋಡಿದರು. "ಮೂರು ಅಂತ ಇದೆಯಲ್ಲ. ನೀವೇ ಬರೆದಿದ್ದೀರಿ. ಎಂಟು ಮುಟ್ಟಿದರೆ ಮಾತ್ರ ಅವಧಿಗೆ ಮೊದಲು ತೆಗೆಯಬಹುದು. ಅದು ನಿಯಮ."

"ಏಳು ಮಂದಿ ಹಿಡಕೊಂಡು ಕುಂತಾರ್ರಿ! ಹಿಡದವ್ರದು ಕೂಡಿಸಿದ್ರ ಇಪ್ಪತ್ನಾಕು ಆಗತೈತಿ."

"ಪೇಷೆಂಟ್ ಹೇಳಿದ್ದು ಮೂರು, ದ್ಯಾಮವ್ವ. ನಿಯಮ ನಾನು ಮಾಡಿದ್ದಲ್ಲ."

ಹೊಸ ಡಾಕ್ಟರ ಹತ್ತಿರ ಹೋದೆ. ಅವರು ದಾನದ ಎಸಿಯ ಕೆಳಗೆ ಕೂತು, "ಪಟ್ಟಿ ಕಂಪನಿದು. ಅವರು ಒಪ್ಪದೆ ನಾನು ಮುಟ್ಟೋಕಾಗಲ್ಲ," ಎಂದರು. ಆ ಕೋಣೆಯ ತಂಪಿನಲ್ಲಿ ನಿಂತಾಗ ನನಗೆ ಬಂದ ಸಿಟ್ಟಿನಲ್ಲಿ ಆ ಎಸಿಯನ್ನು ಕಿತ್ತು ಅವರ ಮೇಜಿನ ಮೇಲೆ ಕುಕ್ಕಬೇಕು ಅನ್ನಿಸಿತು. ಅದು ಬಿಟ್ಟು ಇನ್ನೊಂದು ದಾರಿ ಇತ್ತು.

ವಾರ್ಡಿಗೆ ಮರಳಿ ಬಂದು ಅಂದೆ: "ಎಲ್ಲಾರೂ ಕೈ ತಗೀರಿ."

ಯಾರಿಗೂ ನಾನು ಹೇಳಿದ್ದು ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ರಾಚಪ್ಪ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದ. "ವೈನೀ, ನನ್ನ ಜೀವಾ ಹೋದ್ರೂ ನಾ ತಗ್ಯಂಗಿಲ್ಲ."

"ನೀ ತಗೀಲಿಲ್ಲಂದ್ರ ಅಕೀ ಜೀವಾ ಹೋಗತೈತಿ. ಒಳಗ ಕೊಳೀತೈತಿ. ಅಕಿ ಬಾಯಿಲೇ ಎಂಟು ಅನ್ನೂ ತನಕಾ ಅವ ಶೀಸೆ ಕೊಡಂಗಿಲ್ಲ. ನೀವು ಹಿಡದೀರಿ ಅಂತ ಅಕಿಗೆ ಮೂರ ಆಗೇತಿ."

"ಒಳ್ಕಲ್ಲಿನ ಸೇಡು ತೀರಿಸ್ಕೊಳ್ಳಾಕ ಬಂದೀಯೇನ?" ಎಂದಳು ನೀಲವ್ವ. ಹದಿನಾಲ್ಕು ವರ್ಷದಲ್ಲಿ ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ಆಡಿದ ಮೊದಲ ಮಾತು ಅದು. ನನಗೆ ಅಳು ಬಂತು. ಎಲ್ಲರೆದುರು ಅತ್ತೆ, ಮುಚ್ಚಿಡುವುದೇನಿದೆ. "ನಿನ್ನ ಕಾಗದಾ ಬರದಾಕಿ ನಾನ ನೀಲಾ. ಮೂರು ಅಂತ ನಾನ ಬರದೀನಿ. ಇವತ್ತೊಂದ ದಿನಾ ಖರೇದ್ದು ಬರೀಲಿಕ್ಕೆ ಬಿಡು," ಎಂದೆ.

ಅವಳು ಗಂಡನ ಕಡೆ ತಿರುಗಿ, "ತಗೀರಿ," ಎಂದಳು. "ಎಲ್ಲಾರೂ ತಗೀರಿ. ಆ ಸಾಹೇಬನ್ನ ಕರೀರಿ."

ನಿರಂಜನ ಬಂದು ಹಾಸಿಗೆಯ ಕಾಲ ಬಳಿ ನಿಂತರು. ಮೊದಲು ಗಂಗವ್ವ ಕೈ ತೆಗೆದಳು, ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಒಂದೊಂದು ಕೈ ಹೋದ ಹಾಗೂ ನೀಲವ್ವನ ಮುಖ ಬಿಗಿಯುತ್ತಾ ಹೋಯಿತು. ಕೊನೆಗೆ ರಾಚಪ್ಪ ಉಳಿದ. ಅವನ ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಬೇಕಾಯಿತು. ಅವಳ ಚೀರಾಟ ಅಂಗಳದ ಆಚೆಯ ಅಡುಗೆಮನೆಗೂ ಕೇಳಿತಂತೆ. ನಮ್ಮ ಆಸ್ಪತ್ರೆಯಲ್ಲಿ ಅಂಥ ಸದ್ದನ್ನು ನಾನು ಇಪ್ಪತ್ತಾರು ವರ್ಷದಲ್ಲಿ ಕೇಳಿರಲಿಲ್ಲ. ನಮ್ಮೂರಲ್ಲಿ ಯಾರೂ ಅಷ್ಟು ನೋವನ್ನು ಒಬ್ಬರೇ ಅನುಭವಿಸಿದ್ದಿಲ್ಲ.

"ಎಷ್ಟು?" ಎಂದು ನಾನು ಕೂಗಿದೆ.

"ಹತ್ತು! ಹತ್ತ ಅಷ್ಟ ಐತೇನ ನಿಮ್ಮ ಕಾಗದದಾಗ? ಹತ್ತು ಬರೀ!"

ನಿರಂಜನ ಜೇಬಿನಿಂದ ಕೀಲಿ ತೆಗೆದರು. ಶೀಸೆ ಬಂದ ಕೂಡಲೇ, "ಹಿಡೀರಿ ಈಗ," ಎಂದೆ. ಏಳೂ ಜನ ಅವಳ ಮೇಲೆ ಬಿದ್ದ ಹಾಗೆ ಬಂದು ಹಿಡಿದರು. ಪಟ್ಟಿ ಬಿಟ್ಟಾಗ ಎದ್ದ ನಾತಕ್ಕೆ ನಿರಂಜನ ಎರಡು ಹೆಜ್ಜೆ ಹಿಂದೆ ಸರಿದರು. ಅರ್ಧ ತಟ್ಟೆ ಕೀವು ಬಂತು. ತೊಳೆದೆ, ಒರೆಸಿದೆ, ಬತ್ತಿ ಇಟ್ಟು ಕಟ್ಟಿದೆ. ಇನ್ನೆರಡು ದಿನ ಬಿಟ್ಟಿದ್ದರೆ ಅವಳು ಉಳಿಯುತ್ತಿರಲಿಲ್ಲ. ಕೆಲಸ ಮುಗಿಸಿ ಕೈ ತೊಳೆದುಕೊಂಡು ತಿರುಗುವಷ್ಟರಲ್ಲಿ ನಿರಂಜನ ನೀಲವ್ವನ ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗೆ ಹಾಕುತ್ತಿದ್ದರು.

"ಅದ್ಯಾಕ್ರಿ ಕಿಸೇದಾಗ?" ಎಂದೆ.

"ಇದು ಲೆಕ್ಕಕ್ಕೆ ಬರಲ್ಲ, ದ್ಯಾಮವ್ವ. ಉಳಿದ ಪೇಷೆಂಟ್‌ಗಳಿಗೆಲ್ಲ ಕೈ ಹಿಡಿದವರಿದ್ದರು. ಇವರಿಗೆ ಇರಲಿಲ್ಲ. ಟ್ರಯಲ್‌ನಲ್ಲಿ ಎಲ್ಲರಿಗೂ ಒಂದೇ ಕಂಡೀಷನ್ ಇರಬೇಕು. ಅದು ವಿಜ್ಞಾನ."

ಐದು ತಿಂಗಳು ಕೂತವರು ಇವರ ಕಾಗದದಲ್ಲಿ ಇರಲಿಲ್ಲ, ಫೋಟೊದಲ್ಲಿ ಇರಲಿಲ್ಲ, ಲೆಕ್ಕದಲ್ಲಿ ಇರಲಿಲ್ಲ. ಇವತ್ತು ಅವರು ಎದ್ದ ಕೂಡಲೇ ಅವರು ಇದ್ದರು ಎನ್ನುವುದು ಇವರಿಗೆ ನೆನಪಾಯಿತು. ಕಿಟಕಿಗೆ ಮೂರು ಸ್ಟೂಲು, ಗೋಡೆಗೆ ಒಂದು ಸ್ಟೂಲು ಹಾಕಿಸಿದ ಬಾಯಿಂದಲೇ ಒಂದೇ ಕಂಡೀಷನ್ ಎಂಬ ಮಾತು! ಸೆರಗಿನ ಗಂಟಿನಲ್ಲಿದ್ದ ಕಾಗದ ಬಿಚ್ಚಿ ಅವರ ಮುಖದೆದುರು ಹಿಡಿದೆ. ಸಿಟ್ಟಿಗೆ ಬಾಯಿ ತೊದಲುತ್ತಿತ್ತು. ಏನೆಂದೆನೋ ನನಗೇ ನೆನಪಿಲ್ಲ.

ಆಗ ಪಕ್ಕದ ಐದನೆಯ ಹಾಸಿಗೆಯಿಂದ ಫಕೀರಸಾಬ ಕೆಮ್ಮಿದ. ಕಮ್ಮಾರಿಕೆಯ ಮುದುಕ, ಹರ್ನಿಯಾ ಆಪರೇಷನ್ ಆಗಿ ನಾಲ್ಕು ದಿನ, ಅವನಿಗೂ ಸುಖಪಟ್ಟಿ. ಹೆಂಡತಿ ಹುಸೇನಬಿ, ಇಬ್ಬರು ತಮ್ಮಂದಿರು ಅವನನ್ನು ಹಿಡಿದು ಕೂತಿದ್ದರು. "ಸಾಹೇಬ್ರ," ಎಂದ ಅವನು, "ಎಲ್ಲಾರಿಗೂ ಒಂದ ಕಂಡೀಷನ್ ಇರಬೇಕಂದ್ರಲ್ರಿ. ಅದಕ್ಕೇನಂತ, ಮಾಡೂಣು." ಹೆಂಡತಿಯ ಕೈಯಿಂದ ತನ್ನ ಕೈಯನ್ನು ಎಳೆದುಕೊಂಡ. ತಮ್ಮಂದಿರನ್ನು ಕಾಲಿನಿಂದ ತಳ್ಳಿದ. ನೋವು ಒಮ್ಮೆಲೇ ಬಂದು ಅವನ ಕಣ್ಣು ಮೇಲಾದವು, ಹಾಸಿಗೆಯ ಕಬ್ಬಿಣದ ಪಟ್ಟಿ ಹಿಡಿದುಕೊಂಡ. "ಒಂಬತ್ತು. ಬರೀ ದ್ಯಾಮವ್ವಾ."

ಆಮೇಲೆ ಆರನೆಯ ಹಾಸಿಗೆ. ಆಮೇಲೆ ಏಳು. ಯಾರೂ ಯಾರಿಗೂ ಹೇಳಲಿಲ್ಲ. ಗೋಡೆ ಸಾಲಿನ ಹೊಲಿಗೆಯವರೂ ತಮ್ಮ ಒಬ್ಬೊಬ್ಬರೇ ಜೊತೆಗಾರರನ್ನು ಎಬ್ಬಿಸಿ ಆಚೆ ನಿಲ್ಲಿಸಿದರು. ಸ್ಟೂಲುಗಳೆಲ್ಲ ಖಾಲಿಯಾದವು. ವಾರ್ಡು ತುಂಬ ನರಳಾಟ, ಚೀರಾಟ. ಹೆಚ್ಚಿನದೆಲ್ಲ ಕಿಟಕಿಯ ಕಡೆಯಿಂದ. ನಿರಂಜನ, "ನಿಲ್ಲಿಸಿ, ಇದೇನು ಮಾಡ್ತಿದ್ದೀರಿ, ಹಿಡ್ಕೊಳಿ ಅವರನ್ನ," ಎಂದು ಕೂಗುತ್ತಿದ್ದರು. ಕೂತವರನ್ನು ಅವರು ನೇರವಾಗಿ ಮಾತಾಡಿಸಿದ್ದು ಅದೇ ಮೊದಲು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಹೊಸ ಫಾರ್ಮಿನ ಕಟ್ಟು ತೆಗೆದುಕೊಂಡು ಹಾಸಿಗೆಯಿಂದ ಹಾಸಿಗೆಗೆ ಹೋದೆ. ಕಿಟಕಿಯ ಕಡೆ ಒಂಬತ್ತು, ಎಂಟು, ಹತ್ತು, ಒಂಬತ್ತು. ಗೋಡೆಯ ಕಡೆ ಆರು, ಏಳು, ಐದು, ಆರು. ನೊಂದವರ ಪಕ್ಕದಲ್ಲಿ ನಿಂತು ಅವರನ್ನು ಮುಟ್ಟದೆ ಬರೆಯುತ್ತಾ ಹೋಗುವುದು ನನ್ನ ಜನ್ಮದಲ್ಲೇ ಎಲ್ಲಕ್ಕಿಂತ ಕಷ್ಟದ ಕೆಲಸ. ಗೋಡೆಗೆ ಒತ್ತಿ ನಿಂತವರೆಲ್ಲ, ಗಂಡಂದಿರು, ತಾಯಂದಿರು, ಅಳುತ್ತಿದ್ದರು. ಹುಸೇನಬಿ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು, ಫಕೀರಸಾಬನ ಕಡೆ ಹೋಗುತ್ತಿದ್ದ ತನ್ನ ಮೈಯನ್ನೇ ಹಿಂದಕ್ಕೆ ಎಳೆಯುತ್ತಾ ನಿಂತಿದ್ದಳು.

"ಲಗೂನ ಬರಿಯವ್ವಾ ದ್ಯಾಮವ್ವಾ," ಎಂದಳು. "ನನ್ನ ಕೈ ನನ್ನ ಮಾತು ಕೇಳವಲ್ಲವು."

ನಾನು ಲಗುಬಗೆಯಿಂದ ಬರೆದೆ.